ಒಂದು ಮಂಜೊಟ್ಟಿ ಕಡಿಮೆ

ಗಿಂಡಿಯೊಳಗೆ ಟಣ್ ಟಣ್ ಎಂದು ಬೀಳುತ್ತಿದ್ದದ್ದು ನಿಂತಿತು, ಒಂಬತ್ತು ಎಂದು ಚಾವಡಿಯಿಂದ ಕೂಗಿದಳು ಮೋಕ್ಷಾ, ಒಲೆಯ ಮುಂದಿದ್ದ ನನಗೂ ಕೇಳುವಷ್ಟು ಜೋರಾಗಿ, ಒಂಬತ್ತು ಹೇಗಾದೀತು, ಹತ್ತು ಮಂಜೊಟ್ಟಿ ಕಾಳು ನಾನೇ ಮುಟ್ಟಿ ಮುಟ್ಟಿ ಅವಳ ಮಡಿಲಿಗೆ ಹಾಕಿ, ಎಣಿಸು ಮಗಾ ಎಂದು ಒಳಗೆ ಬಂದದ್ದು, ಈಗ ತಾನೇ ಕೆಮ್ಮಿದಳಲ್ಲ, ಹೌದು, ಕೆಮ್ಮಿದಳು, ಮೆಣಸು ಸುಟ್ಟ ಘಾಟು ಎಂದುಕೊಂಡೆ, ಕೃಷ್ಣಾ, ಕೆಂಪು ಕಾಳು, ಎಣ್ಣೆ ಹಚ್ಚಿದ ಹಾಗೆ ನುಣುಪು, ಜಾರಿ ಹೋಗಲು ಎಷ್ಟು ಹೊತ್ತು — ಮಾಮಿ, ಆ ಕಾಳು ಬೇಡ, ಬಾಯಿಗೆ ಹಾಕಿದರೆ ಎಂತ ಮಾಡುವುದು, ಪ್ಲಾಸ್ಟಿಕ್ ಮಣಿ ಉಂಟಲ್ಲ, ಸೊಸೆ ಅಕ್ಷಿತಾ ಕಾರ್ಕಳದ ಬಸ್ಸಿಗೆ ಓಡುವಾಗಲೂ ಹೇಳಿ ಹೋದಳು, ನಾನು ಕೇಳಿದೆನೇ, ಅವರು, ಇವಳ ಅಜ್ಜ, ಹೆಕ್ಕಿ ತಂದ ಕಾಳು, ಆಟಿ ತಿಂಗಳ ಮಳೆಗೆ ಮೊಮ್ಮಗಳ ಜೊತೆ ಚೆನ್ನೆಮಣೆ ಆಡುತ್ತೇನೆ ನೋಡು ಕುಶಲಾ ಎಂದವರು ಆಟಿ ಬರುವ ಮೊದಲೇ ಹೋದರು, ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ನೆಂಟರು ಹೊರಟ ಮೇಲೆ ಈ ಕಾಳಿನ ಡಬ್ಬಿ ಸಿಕ್ಕಿತು, ಇನ್ನು ಪ್ಲಾಸ್ಟಿಕ್ಕಿನಲ್ಲಿ ಎಣಿಸಲು ನನಗೆ ಮನಸ್ಸು ಬರಬೇಕಲ್ಲ, ಶಾಲೆಯ ಟೀಚರು ಬೇರೆ, ಅಜ್ಜಿ, ಇವಳಿಗೆ ಯಾವಾಗಲೂ ಒಂದು ಕಡಿಮೆಯೇ ಬರ್ತದೆ, ಮನೆಯಲ್ಲಿ ಸ್ವಲ್ಪ ಕೂತು ಹೇಳಿಕೊಡಿ ಅಲ್ವಾ ಎಂದದ್ದು, ಹೇಳಿಕೊಡಲು ಹೋಗಿ ಈಗ — ಚಾವಡಿಗೆ ಓಡಿದೆ, ಬಾಯಿ ತೆಗೆ, ಆ ಅನ್ನು, ಇನ್ನೂ ದೊಡ್ಡದು, ಹಾಲುಹಲ್ಲು, ನಾಲಿಗೆ, ಅದರಾಚೆ ಕತ್ತಲೆ, ಬೆರಳು ಹಾಕಿದರೆ ಕಚ್ಚಿದಳು, ನಿನ್ನ ಕೈ ಖಾರ ಅಜ್ಜೀ ಎಂದು ಅಳು ತೆಗೆದಳು, ಕಾಳು ನುಂಗಿದೆಯಾ ಎಂದರೆ ಹೂಂ, ನುಂಗಲಿಲ್ಲ ಅಲ್ವಾ ಎಂದರೆ ಅದಕ್ಕೂ ಹೂಂ, ಮಗುವಿನ ಮಾತನ್ನು ಹೇಗೆ ನಂಬುವುದು, ನೆಲವೂ ಕೆಂಪು, ಕಾಳೂ ಕೆಂಪು, ಆಪರೇಷನ್ ಆದ ಕಣ್ಣಿಗೆ ಎರಡೂ ಒಂದೇ, ಮಂಡಿಯೂರಿ ಕೈಯಿಂದ ಸವರಿದೆ, ಮಣೆಯ ಅಡಿ, ಬಾಗಿಲ ಸಂದು, ಇಲ್ಲ, ಗಿಂಡಿ ಇತ್ತ ಕೊಡು ನಾನು ಎಣಿಸುತ್ತೇನೆ, ಕೊಡುವುದಿಲ್ಲ, ನಾನೇ ಎಣಿಸುವುದು, ಎದೆಗೆ ಒತ್ತಿ ಹಿಡಿದಿದ್ದಾಳೆ, ಹಟ ಅಜ್ಜನದ್ದೇ, ಭುಜಂಗನ ರಿಕ್ಷಾ ಕರೆಯಲೇ, ಅವನು ಹಿರಿಯಡ್ಕ ಪೇಟೆಯಿಂದ ಬರಬೇಕು, ಮತ್ತೆ ಮಣಿಪಾಲದ ಆಸ್ಪತ್ರೆಗೆ ಹೋಗಬೇಕು, ಅವರನ್ನು ಮಲಗಿಸಿಕೊಂಡು ಹೋದದ್ದೂ ಅದರಲ್ಲೇ, ಬೇಗ ಮಾರಾಯ ಎಂದರೆ ಹೋಗ್ತಾ ಉಂಟಲ್ಲ ಅಮ್ಮ ಎಂದ, ಹೋಗ್ತಾ ಉಂಟು, ಹೋಗ್ತಾ ಉಂಟು, ನನ್ನ ಮಡಿಲಿನಲ್ಲಿ ಅವರ ತಲೆ ಭಾರವಾದದ್ದು ದಾರಿಯಲ್ಲೇ — ಕೃಷ್ಣಾ, ನೀನು ಒಬ್ಬರನ್ನು ಕರೆಸಿಕೊಂಡೆ, ಸಾಕು, ಇವಳ ತೂಕದ ಬೆಲ್ಲ ನಿನ್ನ ಬಾಗಿಲಿಗೆ ತರುತ್ತೇನೆ, ಇವಳ ಗಂಟಲು ಬಿಡಿಸು — ಆಯಿತು, ನೀನೇ ಎಣಿಸು, ಆದರೆ ನನ್ನ ಎದುರು, ಕಾಳು ಮಡಿಲಿಗೆ ಸುರಿದಳು, ಮೂಗು ಒರೆಸಿಕೊಂಡಳು, ಒಂದು ಕಾಳು ಹಿಡಿದು ಗಿಂಡಿಯ ಮೇಲೆ ಸ್ವಲ್ಪ ಹೊತ್ತು ಕೈ ನಿಲ್ಲಿಸಿದಳು, ದೇವರಿಗೆ ಹೂ ಹಾಕುವವರ ಹಾಗೆ, ತುಟಿಯಲ್ಲೇ ಎಂದಳು, ಲಾಭ, ಟಣ್, ಆಮೇಲೆ ಜೋರಾಗಿ ಒಂದು, ಟಣ್, ಎರಡು, ಟಣ್, ಮೂರು, ನಾನು ಟಣ್ಣಿಗೊಂದು ಬೆರಳು ಮಡಿಚಿದೆ, ಒಂಬತ್ತು ಎಂದಳು, ಮಡಿಲು ಖಾಲಿ, ಟಣ್ ಎಂದದ್ದು ಹತ್ತು ಸಲ, ಹತ್ತೂ ಉಂಟು, ಎಲ್ಲವೂ ಉಂಟು, ಅಕ್ಕಿ ಅಳೆಯುವಾಗ ಮೊದಲ ಸೇರಿಗೆ ಅವರು ಒಂದು ಎಂದವರಲ್ಲ, ಲಾಭ ಎನ್ನುವರು, ಮತ್ತೆ ಎರಡು, ಮೂರು, ಇವಳು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಚೆಲ್ಲಿದ ಅಕ್ಕಿ ಹೆಕ್ಕುತ್ತಿದ್ದಳು, ಶಾಲೆಗೆ ಹೋಗಿ ಟೀಚರ ಒಂದನ್ನು ಕಲಿತಳು, ಅಜ್ಜನ ಲಾಭವನ್ನೂ ಬಿಡಲಿಲ್ಲ, ನುಂಗಲಿಲ್ಲ, ನನ್ನ ಮಗು ಎಂತದ್ದೂ ನುಂಗಲಿಲ್ಲ, ಈಗ ತಿದ್ದಬೇಕು, ಲಾಭ ಲೆಕ್ಕಕ್ಕಿಲ್ಲ ಮಗಾ, ಶಾಲೆಯಲ್ಲಿ ಒಂದರಿಂದ ಶುರು ಮಾಡುವುದು, ಇಷ್ಟು ಹೇಳಿದರೆ ಸಾಕು, ಎರಡು ದಿನದಲ್ಲಿ ಬಿಟ್ಟಾಳು, ಹೇಳದಿದ್ದರೆ ಟೀಚರು ದಡ್ಡಿ ಎಂದಾರು, ಹೇಳಿದರೆ ಈ ಮನೆಯಲ್ಲಿ ಇನ್ನು ಲಾಭ ಎನ್ನುವವರು ಯಾರು, ಅವರು ಹೋದ ಮೇಲೆ ಅಕ್ಕಿ ಅಳೆಯುವಾಗ ನಾನು ಬಾಯಿ ತೆರೆದದ್ದೇ ಇಲ್ಲ, ಸರಿಯಾ ಅಜ್ಜಿ ಎನ್ನುತ್ತಾಳೆ, ಮುಖ ಎತ್ತಿ, ಸರಿಯಾ ಎಂದು ಮತ್ತೆ ಕೇಳುತ್ತಾಳೆ, ಮಗಾ, ಎಂದೆ, ಮಗಾ, ನೋಡು — ಹಾಲುಹಲ್ಲು, ನಾಲಿಗೆ, ನನ್ನ ಉತ್ತರಕ್ಕೆ ಕಾದು ಅರ್ಧ ತೆರೆದ ಆ ಬಾಯಿ