ಜಗದಾಂಬಾಳ ವಂಕಿ

ಸತ್ತ ಅಮ್ಮ ಜಗದಾಂಬಾಳ ಕೆನ್ನೆಗೆ ಮಾನಸ ಅರಿಶಿನ ಹಚ್ಚುತ್ತಿದ್ದಳು. ಚೊಂಬಿನಿಂದ ನೀರು ಹೊಯ್ಯುತ್ತಿದ್ದ ಪ್ರಭಾ ಓರಗಿತ್ತಿಯ ಮುಖ ನೋಡುತ್ತಿರಲಿಲ್ಲ, ಈ ಹುಡುಗಿಯನ್ನೇ ನೋಡುತ್ತಿದ್ದಳು. ಹೆಂಗಸಿನ ಹೆಣಕ್ಕೆ ಹೆಂಗಸರೇ ಸ್ನಾನ ಮಾಡಿಸಬೇಕು. ಪ್ರಭಾಳ ಇಬ್ಬರು ಗಂಡುಮಕ್ಕಳು ಗೇಟಿನ ಹೊರಗೆ ಫೋನ್ ಹಿಡಿದು ನಿಂತಿದ್ದರು. ನಾಳೆ ತನಗೆ ಅರಿಶಿನ ಹಚ್ಚುವವರು ಯಾರು? ಸೊಸೆಯರೇ? ಅವರು ಗ್ಲೌಸ್ ಹಾಕಿಕೊಂಡು ಬಂದರೂ ಬಂದಾರು!

"ಪುಣ್ಯವಂತೆ ಕಣಮ್ಮ, ಮಗಳ ಕೈಲಿ ಅರಿಶಿನ ಹಚ್ಚಿಸ್ಕೊಂಡ್ಲು," ಎಂದಳು ಪಕ್ಕದ ಮನೆಯ ದಾನಮ್ಮ.

"ಪುಣ್ಯ ಅಲ್ಲ, ಉಪಾಯ," ಎಂದುಬಿಟ್ಟಳು ಪ್ರಭಾ. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಸಾವಿನ ಮನೆಯಲ್ಲೂ ಉರಿಯುತ್ತಿತ್ತು.

*

ಮಾನಸ ಹುಟ್ಟುವ ಮುಂಚೆ ಓರಗಿತ್ತಿಯರಿಬ್ಬರಿಗೂ ಎರಡೆರಡು ಗಂಡು. ಅತ್ತೆ ಬೋರಮ್ಮನಿಗೆ ಇನ್ನೂ ಮೊಮ್ಮಕ್ಕಳು ಬೇಕು. ಆಪರೇಷನ್ ಎಂದರೆ ರಂಪ. ವಿಜಯನಗರ ಮಾರ್ಕೆಟ್ಟಿಗೆಂದು ಹೇಳಿ ಹೊರಟ ಓರಗಿತ್ತಿಯರು ಆಸ್ಪತ್ರೆಗೆ ಹೋಗಿ, ಬಸಿರು ನಿಲ್ಲದಂತೆ ಒಳಗೆ ವಂಕಿ ಹಾಕಿಸಿಕೊಂಡು, ಹುರುಳೀಕಾಯಿ ಹಿಡಿದು ಮನೆಗೆ ಬಂದರು. ದಾರಿಯುದ್ದಕ್ಕೂ ನಗು.

"ಇದು ಕೈಕೊಡೋದು ನೂರರಲ್ಲಿ ಒಬ್ಬರಿಗಾದ್ರೆ ಹೆಚ್ಚು. ಆದ್ರೆ ಮೊದಮೊದಲು ಜಾರಬಹುದು. ಮುಂದಿನ ತಿಂಗಳು ತಪ್ಪದೆ ಬಂದು ತೋರಿಸಿ," ಎಂದಿದ್ದರು ನರ್ಸ್.

ಮರುವರ್ಷ ಜಗದಾಂಬಾ ಹೆಣ್ಣು ಹೆತ್ತಳು. ಬೋರಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಗುಟ್ಟಾಗಿ ವಂಕಿ ತೆಗೆಸಿಕೊಂಡು ತನಗೆ ಮೋಸ ಮಾಡಿದಳೆಂದು ಪ್ರಭಾ ತೀರ್ಮಾನಿಸಿದಳು. ತಾನೂ ತೆಗೆಸೋಣವೆಂದರೆ ಗಂಡ, "ಮತ್ತೆ ಗಂಡೇ ಆದ್ರೆ?" ಎಂದು ಬಾಯಿ ಮುಚ್ಚಿಸಿದ.

*

ಸೀರೆ ಉಡಿಸಿ ಮುಗಿದ ಮೇಲೆ ಮಾನಸ ಮೆಲ್ಲಗೆ ಕೇಳಿದಳು, "ಉಪಾಯ ಅಂದ್ರಲ್ಲ ಚಿಕ್ಕಮ್ಮ, ನನ್ನ ವಿಷಯಾನಾ?"

"ನಿಮ್ಮಮ್ಮ ವಂಕಿ ತೆಗೆಸ್ಕೊಂಡೇ ನಿನ್ನ ಹೆತ್ತಿದ್ದು ಕಣೇ. ನಂಗೊಂದು ಮಾತು ಹೇಳ್ಲಿಲ್ಲ."

"ಇಲ್ಲ ಚಿಕ್ಕಮ್ಮ, ಅದು ತಾನಾಗೇ ಜಾರಿ ಹೋಗಿತ್ತಂತೆ. ನಾನು ಕಾಪರ್-ಟಿ ಹಾಕಿಸ್ಕೊಂಡಾಗ ಅಮ್ಮ ಹೇಳಿದ್ರು. ತೋರಿಸೋಕೆ ಹೋಗೋ ದಿನ ನೆಂಟರು ಬಂದ್ರಂತೆ, ಒಬ್ಬರು ಅಡುಗೆಗೆ ನಿಲ್ಲಲೇಬೇಕಿತ್ತಂತೆ. 'ನಿಮ್ಮ ಚಿಕ್ಕಮ್ಮನ್ನ ಕಳಿಸ್ದೆ. ಆಮೇಲೆ ಅತ್ತೆ ಕಣ್ತಪ್ಪಿಸಿ ನಂಗೆ ಹೋಗೋಕೇ ಆಗ್ಲಿಲ್ಲ. ನೀನು ತಪ್ಪಿಸ್ಬೇಡ' ಅಂದ್ರು."

ಪ್ರಭಾಗೆ ಆ ದಿನ ಚೆನ್ನಾಗಿ ನೆನಪಿತ್ತು. ನರ್ಸ್ ನೋಡಿ, "ಅಯ್ಯೋ, ನಿಮ್ಮದು ಜಾರಿದೆಯಲ್ಲಮ್ಮ," ಎಂದು ಅದನ್ನು ತೆಗೆದು ಹೊಸದು ಹಾಕಿದ್ದರು. ಅಂದು ಒಲೆಯ ಮುಂದೆ ತಾನು ನಿಂತಿದ್ದರೆ ಈ ಹುಡುಗಿ ತನ್ನ ಹೊಟ್ಟೆಯಲ್ಲೇ ಹುಟ್ಟುತ್ತಿದ್ದಳೋ ಏನೋ. ಜಗದಾಂಬಾ ಮೋಸ ಮಾಡಿಲ್ಲವೆಂದು ತಿಳಿದ ಮೇಲಾದರೂ ಹೊಟ್ಟೆಕಿಚ್ಚು ಆರಬೇಕಿತ್ತು. ಇನ್ನೂ ಜೋರಾಯಿತು.

"ಮಾನಸಾ, ಬಾರೇ! ಅಮ್ಮನ ಬಾಯಿಗೆ ಅಕ್ಕಿ ಹಾಕ್ಬೇಕು. ವ್ಯಾನ್ ಕಾಯ್ತಿದೆ," ಅವಳಣ್ಣ ಭೈರೇಶ್ ಕೂಗಿದ.

ಮಾನಸ ಏಳಲು ಹೋದಳು, ಆಗಲಿಲ್ಲ.

"ಕೈ ಬಿಡಿ ಚಿಕ್ಕಮ್ಮ, ಕರೀತಿದಾರೆ."

ಭೈರೇಶ್ ಮತ್ತೆ ಕೂಗಿದ. ಪ್ರಭಾ ಎರಡೂ ಕೈಯಿಂದ ಅವಳ ಮುಂಗೈ ಹಿಡಿದುಕೊಂಡು ಕೂತೇ ಇದ್ದಳು.