ಗಂಟೆ ಹೊಡೆಯುವ ಕೆಲಸ

ಹನ್ನೊಂದು ವರ್ಷ ಒಸಾಕಾದ ನೆಲಮಾಳಿಗೆ ಕ್ಲಬ್ಬುಗಳಲ್ಲಿ ಕಿವಿ ಹರಿಯುವಂತೆ ಡ್ರಮ್ ಬಾರಿಸಿದ್ದ ಚಿಗುಸಾಳ ಕೈಗೆ ಅವಳ ಬ್ಯಾಂಡಿನ ಹಾಡುಗಾರ ಮೊರಿಯೊ ಈಗ ಪುಟ್ಟ ಗಂಟೆಯೊಂದನ್ನು ಕೊಟ್ಟ. ಹಾಡು ಮುಗಿದಾಗ ಒಮ್ಮೆ ಹೊಡೆಯಬೇಕು, ಅಷ್ಟೇ.

"ಯಾಕೋ ಇದು?"

"ಹೋದ ವಾರ ನೋಡಿದ್ಯಲ್ಲ, ಹಾಡು ಮುಗಿದಿದ್ದೇ ಯಾರಿಗೂ ಗೊತ್ತಾಗ್ಲಿಲ್ಲ. ತಾವೇ ಮೊದಲು ಚಪ್ಪಾಳೆ ತಟ್ಟೋಕೆ ಸಂಕೋಚ ಪಾಪ, ಜನಕ್ಕೆ."

"ಶುರುವಾಗಿದ್ದು ಗೊತ್ತಾಗಿತ್ತಾ?"

ಮೊರಿಯೊ ನಗಲಿಲ್ಲ. ಗಡ್ಡ ಬಿಟ್ಟ ಮೇಲೆ ಅವನು ನಗುವುದನ್ನು ಬಿಟ್ಟಿದ್ದ. ಪಚಿಂಕೋ ಜೂಜಿನಂಗಡಿಯ ಮಹಡಿಯಲ್ಲಿ ಹುಟ್ಟಿ ಬೆಳೆದವನು ಈಗ ಮಂಜು, ಪಾಚಿ ಎಂದು ಹಾಡುತ್ತಿದ್ದ. ಅವನು ಕಂಡ ಪಾಚಿಯೆಂದರೆ ಅವನ ಬಚ್ಚಲಿನದು. ಹಿಂದೆ ಸ್ಪೀಕರಿಗೆ ಉಜ್ಜಿ ಉಜ್ಜಿ ಗಿಟಾರ್ ಕಿರುಚಿಸುತ್ತಿದ್ದವನು, ಈಗ ಮರದ ಗಿಟಾರನ್ನು ಕಾಯಿಲೆ ಬೆಕ್ಕಿನಂತೆ ತಬ್ಬಿಕೊಂಡು ಒಂದೇ ರಾಗವನ್ನು ಸುತ್ತಿ ಸುತ್ತಿ ನುಡಿಸುತ್ತಿದ್ದ. ಕೇಳುವವರ ಕಣ್ಣ ಮುಂದೆ ಬಣ್ಣಗಳು ತೇಲಬೇಕಂತೆ.

"ಇವತ್ತೂ ಕೊಂಕು ತೆಗೆದ್ರೆ ಮುಂದಿನ ರೆಕಾರ್ಡು ನಾನೊಬ್ನೇ ಮಾಡ್ತೀನಿ. ಬ್ಯಾಂಡಿನ ಹೆಸರನ್ನೂ ನಾನೇ ಇಟ್ಕೋತೀನಿ."

'ಗುಜರಿ ಕಬ್ಬಿಣ' ಎಂಬ ಆ ಹೆಸರು ಚಿಗುಸಾ ಇಟ್ಟದ್ದು. ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಬೇರೇನೂ ಇರಲಿಲ್ಲ. ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಭಾನುವಾರ ಮಧ್ಯಾಹ್ನ, ಚಹಾದಂಗಡಿಯ ಮಹಡಿ. ಜನ ಶೂ ಕಳಚಿ, ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದರು. ಅರ್ಧ ಜನ ತೂಕಡಿಸುತ್ತಿದ್ದರು. ಅದನ್ನೂ ಮೊರಿಯೊ ಹೊಗಳಿಕೆ ಎಂದೇ ತಿಳಿಯುತ್ತಿದ್ದ.

ಕೊನೆಯ ತಂತಿಯ ಸದ್ದು ಅಡಗಿತು. ಚಿಗುಸಾ ಕೈ ಎತ್ತಿದಳು. ಹೊಡೆಯಲಿಲ್ಲ.

ಯಾರೂ ಮಿಸುಕಲಿಲ್ಲ. ಹಾಡು ಇನ್ನೂ ಇದೆಯೋ ಏನೋ! ಜೋಮು ಹಿಡಿದ ಕಾಲನ್ನು ಸರಿಸುವ ಧೈರ್ಯ ಯಾರಿಗೂ ಇಲ್ಲ. ಒಬ್ಬ ಕೆಮ್ಮು ನುಂಗಿ ನುಂಗಿ ಕೆಂಪು ಮೂಲಂಗಿಯಂತಾದ. ಮೊರಿಯೊ ಮುಖದಲ್ಲಿ ಪರವಶತೆ ಹಾಗೇ ಅಂಟಿಕೊಂಡಿತ್ತು, ಗಡ್ಡ ಮಾತ್ರ ಬೆವರುತ್ತಿತ್ತು. ಹನ್ನೊಂದು ವರ್ಷದಲ್ಲಿ ಯಾರನ್ನೂ ಇಷ್ಟು ಹಿಂಸಿಸಿರಲಿಲ್ಲ ಎಂದುಕೊಂಡು ಚಿಗುಸಾ ಸುಖಪಟ್ಟಳು.

"ಹೊಡಿಯೇ, ಹಾಳಾದೋಳೇ!"

ಮೈಕು ಸೀಳಿಹೋಗುವಂಥ ಕೂಗು. ಮೊರಿಯೊನ ಹಳೆಯ ಗಂಟಲು. ತೂಕಡಿಸುತ್ತಿದ್ದವರು ಬೆಚ್ಚಿಬಿದ್ದರು, ಯಾರದೋ ಚಹಾ ಚೆಲ್ಲಿತು. ಚಿಗುಸಾಳ ಎದೆ ತುಂಬಿಬಂತು. ಗಂಟೆ ಹೊಡೆದಳು. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು; ಎದ್ದು ನಿಲ್ಲಲು ಹೋದ ಇಬ್ಬರು ಜೋಮಿಗೆ ಮುಗ್ಗರಿಸಿ ಬಿದ್ದರು.

ಅಡುಗೆಮನೆಯ ಬಾಗಿಲಲ್ಲಿ ಅವಳು ಅವನ ತೋಳು ಹಿಡಿದಳು. "ಇನ್ನೂ ಇದೆ ಕಣೋ ನಿನ್ನೊಳಗೆ! ಮುಂದಿನ ವಾರ ಡ್ರಮ್ ತರ್ಲಾ?"

"ಡ್ರಮ್ ಯಾಕೆ?" ಮೊರಿಯೊ ಗಡ್ಡ ಒರೆಸಿಕೊಂಡ. "ಜನಕ್ಕೆ ಎಷ್ಟು ಹಿಡಿಸ್ತು ನೋಡಿದ್ಯಾ? ಪ್ರತಿ ಸಲ ಹೀಗೇ ಮಾಡೋಣ. ನೀನು ತಡ ಮಾಡು, ನಾನು ಕಿರುಚ್ತೀನಿ. ಸ್ವಲ್ಪ ಮೆಲ್ಲಗೆ."

"ಮೆಲ್ಲಗೆ ಕಿರುಚ್ತೀಯಾ?"

"ಹೂಂ. ಕೆಳಗೆ ಚಹಾ ಕುಡಿಯೋರಿಗೆ ತೊಂದರೆ ಆಗ್ಬಾರ್ದಲ್ಲ."

ಚಿಗುಸಾ ತೋಳು ಬಿಟ್ಟಳು. ಗಂಟೆಯನ್ನು ಅವನ ಅಂಗೈಗೆ ಹಾಕಿ, ತನ್ನ ಶೂ ಹುಡುಕಲು ಹೊರಟಳು.

"ಬ್ಯಾಂಡಿನ ಹೆಸರನ್ನೂ ನೀನೇ ಇಟ್ಕೋ, ಮಾರಾಯ," ಎಂದಳು. "ಅದನ್ನೂ ಮೆಲ್ಲಗೇ ಹೇಳ್ಕೋ."