ಕಲ್ಲಿನಲ್ಲಿ ಸತ್ತವನು

"ಕಿಟಕಿ ಮುಚ್ಚೇ, ಕತ್ತೆ ಮುಂಡೆ. ಇವತ್ತು ಈ ಮುದುಕ ಕೆಮ್ಮಿದ್ದೂ ಬೀದಿಗೆ ಕೇಳಿಸ್ಬಾರ್ದು."

ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬೈದವನು ನಾನು ಕೆಲಸಕ್ಕಿರುವ ಮನೆಯ ಯಜಮಾನ. ಮುದುಕ ಅವನ ಹೆತ್ತಪ್ಪ. ಊರಿಗೆ ಮಾತ್ರ ದೊಡ್ಡಪ್ಪ. ಹನ್ನೆರಡು ವರ್ಷದಿಂದ ಆ ಮುದುಕನ ಹೇಲು ಉಚ್ಚೆ ಬಾಚುತ್ತಿರುವವಳು ನಾನು. ಯುದ್ಧದಲ್ಲಿ ಮುಳುಗಿದ ಹಡಗಿನವರಿಗೆ ಅಂದು ಬಂದರಿನ ಚೌಕದಲ್ಲಿ ಕಲ್ಲು ನೆಟ್ಟು ಗೌರವ. ಕಡಲಪಾಲಾದ ಅಪ್ಪನ ಪದಕ ತರಲು ಯಜಮಾನ ಹೊರಟಿದ್ದ. ಆ ಅಪ್ಪ ಇಲ್ಲಿ ನನ್ನ ಕೈಯಿಂದ ಹಾಲು ಕುಡಿಯುತ್ತಿದ್ದ.

ಪ್ರಾಯದಲ್ಲಿ ಈ ಮುದುಕ ಸರಕಿನ ಹಡಗುಗಳಿಗೆ ಕೂಲಿಯವರನ್ನು ಹಿಡಿದುಕೊಡುವ ಮೇಸ್ತ್ರಿ. ಯುದ್ಧ ಬಂದು ತಾನೇ ಹಡಗು ಹತ್ತುವ ಸರದಿ ಬಂದಾಗ ತನ್ನ ಗುರುತಿನ ಚೀಟಿಯನ್ನು ಕೂಲಿಯಾಳಾಗಿದ್ದ ನಮ್ಮಪ್ಪನ ಕೈಗೆ ತುರುಕಿದ. ಫೋಟೋ ಇಲ್ಲದ ಚೀಟಿ, ಯಾರು ಕೇಳುತ್ತಾರೆ? ಅಪ್ಪ ಅವನ ಹೆಸರಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬಿದ, ಅವನ ಹೆಸರಲ್ಲೇ ಮುಳುಗಿದ. ಮೇಸ್ತ್ರಿ ಹತ್ತು ವರ್ಷ ತಲೆಮರೆಸಿಕೊಂಡಿದ್ದು, ಗಡ್ಡ ಬಿಟ್ಟು, ತನ್ನ ಮನೆಗೇ ದೊಡ್ಡಪ್ಪನಾಗಿ ಬಂದ. ನಮ್ಮವ್ವ ಮಾತ್ರ ಕೊಳಾಯಿಯ ಹತ್ತಿರದ ಹೆಂಗಸರ ಬಾಯಲ್ಲಿ ಇಂದಿಗೂ ಓಡಿಹೋದವನ ಹೆಂಡತಿ.

ಇದೆಲ್ಲ ಹೋದ ತಿಂಗಳು ಮೈ ತೊಳೆಸುವಾಗ, ಬುದ್ಧಿ ಸಡಿಲಾದ ಮುದುಕನೇ ಬಾಯಿಬಿಟ್ಟದ್ದು. ಹಾಸಿಗೆ ಹಿಡಿದಿದ್ದ ಅವ್ವನಿಗೆ ಹೇಳಿದೆ. "ಸಾಯೋದ್ರೊಳ್ಗೆ ಅವ್ರ ಹೆಸ್ರು ಒಂದ್ಸಲ ಕಿವಿಗೆ ಬೀಳ್ಲಿ ಮಗಾ," ಅಂದಳು. ಕಲ್ಲಿನಲ್ಲಿ ಅಪ್ಪನ ಹೆಸರು ಬರೆಸಿ ಎಂದು ಬಂದರಿನ ಕಚೇರಿಗೆ ಹೋದೆ. ಸಾಕ್ಷಿ ಇದ್ದರೆ ತಾ ಎಂದು ಗುಮಾಸ್ತ ನಕ್ಕ. ಅವನ ನಗುವಿಗೆ ಬೆಂಕಿ ಹಾಕ.

ಯಜಮಾನ ಅತ್ತ ಹೋದದ್ದೇ ತಡ, ಮುದುಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಚೌಕಕ್ಕೆ ತಳ್ಳಿದೆ. ಸಮಾರಂಭ ಕೇಳಲೆಂದು ನಮ್ಮ ಕೇರಿಗೂ ಒಂದು ಧ್ವನಿವರ್ಧಕ ಕಟ್ಟಿದ್ದರು. ಬೆಳಿಗ್ಗೆಯೇ ಬಾಗಿಲು ತೆರೆದಿಟ್ಟು ಅವ್ವನನ್ನು ಅತ್ತ ಮುಖ ಮಾಡಿ ಮಲಗಿಸಿ ಬಂದಿದ್ದೆ.

ಅಧಿಕಾರಿ ಮೇಸ್ತ್ರಿಯ ಹೆಸರು ಓದಿದರು. ಯಜಮಾನ ಕರವಸ್ತ್ರವನ್ನು ಕಣ್ಣಿಗೊತ್ತಿಕೊಂಡು ಎದ್ದ. ಕುರ್ಚಿಯಲ್ಲಿದ್ದ ಮುದುಕ ಕೈಯೆತ್ತಿದ.

"ಇದೀನಿ ಸಾಹೇಬ್ರೆ."

ಜನ ತಿರುಗಿ ನೋಡಿದರು. ದೊಡ್ಡಪ್ಪನಿಗೆ ಅರಳುಮರಳು ಎಂದು ಯಜಮಾನ ಹಲ್ಲು ಕಿರಿದ. ಅಧಿಕಾರಿ ಗಂಟಲು ಸರಿಮಾಡಿಕೊಂಡು ಅದೇ ಹೆಸರನ್ನು ಮತ್ತೆ ಓದಿದರು. ಮುದುಕ ಮತ್ತೆ, "ಇದೀನಿ."

ವೇದಿಕೆಯ ಮೆಟ್ಟಿಲು ಹತ್ತಿ ಮೈಕು ಕಿತ್ತುಕೊಂಡೆ. "ಇವ್ನು ಸತ್ತಿಲ್ಲ. ಸತ್ತೋನು ನಮ್ಮಪ್ಪ." ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಾರೋ ಮೈಕಿನ ತಂತಿ ಎಳೆದು ಕಿತ್ತರು. ಪೊಲೀಸಿನವನು ರಟ್ಟೆ ತಿರುಚಿದ. ಗಂಟಲು ಹರಿಯುವಂತೆ ಅಪ್ಪನ ಹೆಸರನ್ನು ಕೂಗುತ್ತಲೇ ಇದ್ದೆ. ನಮ್ಮ ಕೇರಿ ಅಲ್ಲಿಂದ ಒಂದು ಮೈಲಿ.